ಗೋಡೆಯೊಳಗಿನ ಬೆಸುಗೆ

ಫೆಬ್ರವರಿ 3

ಅಪ್ಪಾ,

ಫೋನಿನಲ್ಲಿ ನಿನ್ನ ಜೊತೆ ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿದೆ. ಮೊನ್ನೆ ನಾನು "ಹೊಸ ಆಸ್ಪತ್ರೆಗೆ ಹಾಕಿದಾರೆ" ಅಂದರೆ ನೀನು "ಆಯ್ತು, ಹೊಟ್ಟೆ ತುಂಬ ಊಟ ಮಾಡು" ಅಂದೆ. ಮೂವತ್ತು ವರ್ಷ ಗೋಡೆ ಕೊರೆದ ಯಂತ್ರ ನಿನ್ನ ಕಿವಿಯನ್ನೂ ಕೊರೆದು ಹಾಕಿದೆ. ಇನ್ನು ಮುಂದೆ ಕಾಗದವೇ ಗತಿ. ಓದುವುದಕ್ಕೆ ಕಿವಿ ಬೇಡ, ಕೇಳಿಸಲಿಲ್ಲ ಅಂತ ತಪ್ಪಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ವಿಷಯ ಏನೆಂದರೆ, ಇಲ್ಲಿ ನರ್ಸುಗಳ ಹಾಸ್ಟೆಲು ಯಾವುದು ಗೊತ್ತೇ? ನಾಲ್ಕು ವರ್ಷದ ಹಿಂದೆ ನೀನೂ ಗೇಜಣ್ಣನೂ ಏಸಿಗೆ ತಾಮ್ರದ ಪೈಪು ಎಳೆದ ಕಟ್ಟಡ! ಬಂದ ಮೊದಲ ದಿನವೇ ಪತ್ತೆ ಮಾಡಿದೆ. ಮೆಟ್ಟಿಲ ಹತ್ತಿರ ಸೀಲಿಂಗಿನ ಒಂದು ಹಲಗೆ ತೆಗೆದಿದ್ದರು. ಒಳಗೆ ಕರಿ ಫೋಮು ಸುತ್ತಿದ ಪೈಪು, ಅದರ ಮೇಲೆ ಮಾರ್ಕರಿನಲ್ಲಿ ಗೇಜಣ್ಣನ ಗುಂಡು ಅಕ್ಷರದಲ್ಲಿ "ಸರಿ" ಅಂತ, ಕೆಳಗೆ ನಿನ್ನ ಓರೆ ಗೀಟು. ಚಿಕ್ಕವಳಿದ್ದಾಗ ನನ್ನ ಮಾರ್ಕ್ಸ್ ಕಾರ್ಡಿಗೂ ಅದೇ ಗೀಟು ಎಳೆಯುತ್ತಿದ್ದೆ, ಓದದೆ. ಇಲ್ಲಿಯ ಎಂಜಿನಿಯರಿಗೆ ಹೇಳಿದೆ. "ಸೋರದ ಕೈಯ ಮಗಳಾ ನೀನು?" ಅಂತ ಅವರು ಕುರ್ಚಿ ಬಿಟ್ಟು ಎದ್ದರು. ನಿನ್ನ ಬೆಸುಗೆ ಸೋರುವುದೇ ಇಲ್ಲ ಅಂತ ಇಲ್ಲಿ ನಿನಗೆ ಆ ಹೆಸರಂತೆ. ಇಷ್ಟು ದೊಡ್ಡ ಮನುಷ್ಯ ಅಂತ ನನಗೆ ಯಾಕೆ ಮೊದಲೇ ಹೇಳಲಿಲ್ಲ?

ಈಗ ಮೂರನೇ ಮಹಡಿಯಲ್ಲಿ ಒಂದು ಕೋಣೆಗೆ ಮೂವರು. ಅದರಲ್ಲೊಬ್ಬಳು ನಿದ್ದೆಬುರುಕಿ. ಹೆಸರು ಹಿಡಿದು ಅವಳನ್ನು ಯಾರೂ ಕರೆಯುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತ ಬಿಡುತ್ತಲೇ ನಿದ್ದೆ ಹೋಗುತ್ತಾಳೆ. ನಕ್ಕರೆ ಇಡೀ ಮಹಡಿಗೆ ಕೇಳಿಸುತ್ತದೆ, ಗೊರಕೆ ಹೊಡೆದರೂ ಅಷ್ಟೇ. ಆದರೆ ನನ್ನ ಕಷ್ಟ ಇನ್ನು ಇಪ್ಪತ್ತೇ ದಿನ. ನೆಲ ಅಂತಸ್ತಿನ ಕೊನೆಯಲ್ಲಿ ಪೊರಕೆ, ಬಕೆಟ್ಟು ಇಡುವ ಸ್ಟೋರು ಇತ್ತು. ಜಾಗ ಸಾಲದೆ ಅದನ್ನೇ ಖಾಲಿ ಮಾಡಿ, ಬಣ್ಣ ಬಳಿದು, ಒಬ್ಬರಿಗೆ ಕೋಣೆ ಮಾಡುತ್ತಿದ್ದಾರೆ. ವಾರ್ಡನ್ ಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನೇ ಬರೆದಿದ್ದಾರೆ. ಹುಟ್ಟಿದಾಗಿನಿಂದ ಅತ್ತೆಯ ಮನೆಯಲ್ಲಿ ಐದು ಜನರ ನಡುವೆ ಮಲಗಿದವಳಿಗೆ ಸ್ವಂತ ಕೋಣೆ!

ಇನ್ನೊಂದು ಮಾತು. ಪೈಪಿನ ಮೇಲಿದ್ದ ತಾರೀಖು ನೋಡಿದೆ. ನಾನು ಪಾಸಾಗಿ ಸರ್ಟಿಫಿಕೇಟು ತೆಗೆದುಕೊಂಡ ದಿನಕ್ಕೆ ಎರಡು ದಿನ ಆದ ಮೇಲಿನದು. ಆವತ್ತು ನೀನು ಬರುತ್ತೇನೆ ಅಂದಿದ್ದೆ. ಬಂದಾಗ ಸಭಾಂಗಣದಲ್ಲಿ ಕುರ್ಚಿ ಮಡಚುತ್ತಿದ್ದರು. ನಾಚಿಕೆಗೋ ಏನೋ ನೀನೂ ಅವರ ಜೊತೆ ಸೇರಿ ಮಡಚಿದೆ. ನಾನು ಮೂರು ತಿಂಗಳು ಮಾತು ಬಿಟ್ಟೆ. ಈಗ ಕೋಪ ಇಲ್ಲ. ಅಪ್ಪನನ್ನು ಈ ಪೈಪಿಗೆ ಬಿಟ್ಟುಕೊಟ್ಟೆ ಅಂದುಕೊಂಡರೆ, ತಣ್ಣನೆ ಗಾಳಿಯಾದರೂ ಬರುತ್ತಿದೆ.

ನಿನ್ನ ಮಗಳು


ಫೆಬ್ರವರಿ 11

ಮಗಳೇ,

ಕಾಗದ ಸಿಕ್ಕಿತು. ಮೂರು ಸಲ ಓದಿದೆ. ನಿನ್ನ ಅಕ್ಷರ ನಿನ್ನ ಅಮ್ಮನದರಂತೆ ಆಗುತ್ತಿದೆ. ಇದ್ದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಆ ಸ್ಟೋರಿನ ಕೋಣೆ ನಿನಗೆ ಬೇಡ. ಯಾಕೆ ಅಂತ ನೀನು ಕೇಳದೆ ಬಿಡುವವಳಲ್ಲ, ಅದಕ್ಕೆ ಹೇಳಿಬಿಡುತ್ತೇನೆ. ಪಕ್ಕದಲ್ಲೇ ಬಚ್ಚಲ ಸಾಲು ಇದೆ, ಗೋಡೆಗೆ ತೇವ ಏರುತ್ತದೆ. ಹೊರಗಿನ ದೊಡ್ಡ ಯಂತ್ರಗಳನ್ನೆಲ್ಲ ಅದರ ಹಿಂದೆಯೇ ಕೂರಿಸಿದ್ದೇವೆ, ಹಗಲೂ ರಾತ್ರಿ ಗುಂಯ್ ಅನ್ನುತ್ತವೆ. ಕಿಟಕಿ ಇರುವುದು ಒಂದೇ, ಅದೂ ಮೊಳದಷ್ಟು. ನಿನಗೆ ಚಿಕ್ಕಂದಿನಿಂದ ನೆಗಡಿಯ ಮೈ. ಮೂರನೇ ಮಹಡಿ ಚೆನ್ನಾಗಿದೆ, ಗಾಳಿ ಬೆಳಕು ಇದೆ. ಅಲ್ಲೇ ಇರು. ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೋ.

ನಾನು ನಿನಗೆ ಇದು ಮಾಡು, ಅದು ಮಾಡಬೇಡ ಅಂತ ಹೇಳಿದವನಲ್ಲ. ಹೇಳುವ ಹಕ್ಕನ್ನು ಸಂಪಾದಿಸಲಿಲ್ಲ. ಇದೊಂದು ಮಾತು ನಡೆಸಿಕೊಡು.

ಇಲ್ಲಿ ತರಬೇತಿ ಕೇಂದ್ರದಲ್ಲಿ ಈ ಸಲ ಇಪ್ಪತ್ತಾರು ಜನ ಬೆಸುಗೆ ಕಲಿಯುತ್ತಿದ್ದಾರೆ. ನಾನು ಮಾತಾಡುವುದು ಜಾಸ್ತಿ, ಅವರು ಕೇಳಿದ್ದು ನನಗೆ ಕೇಳಿಸುವುದು ಕಡಿಮೆ, ಹಾಗಾಗಿ ಒಳ್ಳೆಯ ಮೇಷ್ಟ್ರು ಅನ್ನಿಸಿಕೊಂಡಿದ್ದೇನೆ.

ಕೂಡಲೇ ಉತ್ತರ ಬರೆ.

ನಿನ್ನ ಅಪ್ಪ


ಫೆಬ್ರವರಿ 11

ಗೇಜಣ್ಣಾ,

ಹತ್ತೊಂಬತ್ತು ವರ್ಷ ನಾನು ಬೆಸೆದೆ, ನೀನು ಒತ್ತಡದ ಗೇಜು ನೋಡಿದೆ. ನಮ್ಮಿಬ್ಬರ ನಡುವೆ ಬಾಯಿಗೆ ಬಾರದೆ ಉಳಿದ ವಿಷಯ ಒಂದೇ. ಈಗ ಅದನ್ನು ಬರೆಯುತ್ತಿದ್ದೇನೆ. ನಿನ್ನ ಮೈ ಸರಿಯಿಲ್ಲದ ಹೊತ್ತಿನಲ್ಲಿ ಇದನ್ನು ಹೊರಿಸುತ್ತಿರುವುದಕ್ಕೆ ಬಯ್ಯಬೇಡ.

ನರ್ಸ್ ಹಾಸ್ಟೆಲಿನ ನೆಲ ಅಂತಸ್ತಿನ ಸ್ಟೋರು ನೆನಪಿದೆಯಲ್ಲ. ಆ ಮಹಡಿಯ ಹತ್ತು ಕೋಣೆಗೂ ಏಸಿಯ ಗ್ಯಾಸು ಹೋಗುವ ದಪ್ಪ ಪೈಪನ್ನು ಅದರ ಗೋಡೆ ಕೊರೆದು ಏರಿಸಿದೆವು. ಬಗ್ಗಿಸುವಾಗ ನನ್ನ ಕೈಯಲ್ಲಿ ಪೈಪು ನೆಗ್ಗಿತು. ಇಡೀ ಉದ್ದವನ್ನು ಹೊರಗೆ ಎಳೆದು ಹೊಸದು ಹಾಕಬೇಕಾಗಿತ್ತು, ಅರ್ಧ ದಿನದ ಕೆಲಸ. ಗೋಡೆಯೊಳಗೆ ಬೆಸುಗೆ ಇರಬಾರದು, ಕಣ್ಣಿಗೆ ಕಾಣದ ಕಡೆ ಪೈಪು ಅಖಂಡ ಇರಬೇಕು. ಇಲ್ಲಿ ನಾನು ಕಲಿಸುವ ಮೊದಲನೇ ಪಾಠವೇ ಅದು. ಆದರೆ ಆವತ್ತು ಒಂದು ಗಂಟೆಗೆ ಬಸ್ಸು. ಮಗಳು ಪಾಸಾದ ದಿನ. ನೆಗ್ಗಿದ ಗೇಣುದ್ದ ಕತ್ತರಿಸಿ ತೆಗೆದು, ತುಂಡು ಹಾಕಿ, ಗೋಡೆಯೊಳಗೇ ಬೆಸೆದೆ. ಜ್ವಾಲೆ ಮುಂದಿನಿಂದ ಮಾತ್ರ ತಾಗಿತು, ಹಿಂದೆ ಕೈ ಆಡಿಸುವುದಕ್ಕೆ ಜಾಗವೇ ಇರಲಿಲ್ಲ. ಬೆಸುಗೆಯ ಬೆನ್ನು ನೋಡುವುದಕ್ಕೆ ಅಂತ ಜೇಬಿನಲ್ಲಿ ಸದಾ ಇಟ್ಟುಕೊಳ್ಳುತ್ತಿದ್ದೆನಲ್ಲ ಗುಂಡು ಕನ್ನಡಿ, ಅದು ಮೇಲಿನ ಮಹಡಿಯಲ್ಲಿ ಚೀಲದಲ್ಲಿತ್ತು. ಹತ್ತಿ ಹೋಗಿ ತರಲಿಲ್ಲ. ಸ್ಟೋರು ತಾನೇ ಅಂದುಕೊಂಡೆ. ಗಾರೆಯವನು ಸಂಜೆಯೊಳಗೆ ಮುಚ್ಚಿದ.

ಮರುದಿನ ಸೋರುತ್ತದೆಯೇ ನೋಡಲು ನೀನು ಪೈಪಿಗೆ ನೈಟ್ರೋಜನ್ ಏರಿಸಿ ಕಟ್ಟಿದೆ. ಒಂದು ಇಡೀ ದಿನ ಗೇಜಿನ ಮುಳ್ಳು ಕದಲಬಾರದು. ನಾನು ವಾಪಸು ಬಂದು ನೋಡುವಾಗ ಎರಡು ಗೆರೆ ಇಳಿದಿತ್ತು. "ಎರಡು ಗೆರೆ ಇಳಿದಿದೆಯಲ್ಲೋ" ಅಂದೆ ನೀನು. "ಚಳಿ ಬಿತ್ತಲ್ಲ, ಚಳಿಗೆ ಗ್ಯಾಸು ಕುಗ್ಗುತ್ತೆ" ಅಂದೆ ನಾನು. ಅದು ಸುಳ್ಳಲ್ಲ, ಚಳಿಗೆ ಕುಗ್ಗುತ್ತದೆ. ಎಷ್ಟು ಚಳಿಗೆ ಎಷ್ಟು ಗೆರೆ ಅಂತ ಲೆಕ್ಕವೂ ಇದೆ. ಆವತ್ತು ನಾವಿಬ್ಬರೂ ಆ ಲೆಕ್ಕ ಹಾಕಲಿಲ್ಲ. ನೀನು ನನ್ನ ಮುಖ ನೋಡಿದೆ, ಆಮೇಲೆ ಮಾರ್ಕರ್ ತೆಗೆದು "ಸರಿ" ಅಂತ ಬರೆದೆ.

ಈಗ ಆ ಸ್ಟೋರನ್ನು ಮಲಗುವ ಕೋಣೆ ಮಾಡುತ್ತಿದ್ದಾರೆ. ಅದರಲ್ಲಿ ನನ್ನ ಮಗಳು ಮಲಗಲಿದ್ದಾಳೆ.

ಆ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಗಾಳಿಗಿಂತ ಭಾರ. ಹತ್ತು ಕೋಣೆಯ ಗ್ಯಾಸು ಆ ಪೆಟ್ಟಿಗೆಯಂಥ ಕೋಣೆಗೆ ಇಳಿದರೆ ನೆಲದಿಂದ ತುಂಬಿಕೊಂಡು ಬಂದು ಉಸಿರಾಡುವ ಗಾಳಿಯನ್ನು ಹೊರಗೆ ತಳ್ಳುತ್ತದೆ. ಮಲಗಿದವರು ಏಳುವುದಿಲ್ಲ. ಬೇಡ ಅಂತ ಅವಳಿಗೆ ಬರೆದಿದ್ದೇನೆ, ತೇವ, ಸದ್ದು ಅಂತ ನೆಪ ಹೇಳಿ. ಅವಳು ಕೇಳದಿದ್ದರೆ ಏನು ಮಾಡಲಿ?

ನಿನ್ನ ಜೋಡಿ


ಫೆಬ್ರವರಿ 25

ಅಪ್ಪಾ,

ಆಯಿತು, ನಿನ್ನ ಮಾತು ನಡೆಸಿಕೊಟ್ಟೆ. ಸುಮ್ಮನೆ ಅಲ್ಲ, ಎರಡು ದಿನ ನಿನ್ನನ್ನು ಬಯ್ದುಕೊಂಡು. ನೆಗಡಿಯ ಮೈಯಂತೆ! ನನಗೆ ನೆಗಡಿ ಆಗುತ್ತದೆ ಅನ್ನುವುದು ನಿನಗೆ ಗೊತ್ತಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. "ಕಡೆಗೂ ಅವನಿಗೆ ಮಗಳಿದಾಳೆ ಅಂತ ನೆನಪಾಯ್ತಲ್ಲ" ಅಂತ ಅತ್ತು ಬಿಟ್ಟರು. ನನಗೂ ಒಳಗೆ ಎಲ್ಲೋ ಹಿತವಾಯಿತು, ಒಪ್ಪಿಕೊಳ್ಳುತ್ತೇನೆ.

ವಾರ್ಡನ್ ಹತ್ತಿರ ಹೋಗಿ, ನನಗೆ ಬೇಡ, ಇವಳಿಗೆ ಕೊಡಿ ಅಂತ ನಿದ್ದೆಬುರುಕಿಯ ಹೆಸರು ಬರೆಸಿದೆ. ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ನಿಜವಾಗ್ಲೂ? ನಿಂಗೇನು ತಲೆ ಕೆಟ್ಟಿದ್ಯಾ?" ಅಂದಳು. ಅವಳಿಗೆ ಈಗ ಸತತ ರಾತ್ರಿ ಪಾಳಿ, ಹಗಲು ಮಲಗಬೇಕು. ಮೇಲೆ ನಮ್ಮ ಗಲಾಟೆ, ಬಿಸಿಲು. ಕೆಳಗೆ ಕತ್ತಲೆ, ತಂಪು. ನೀನು ಹೇಳಿದ ಗುಂಯ್ ಸದ್ದು ಅವಳಿಗೆ ಜೋಗುಳವಂತೆ. ಆ ಮೊಳದಷ್ಟು ಕಿಟಕಿಗೂ ಕರಿ ಕಾಗದ ಅಂಟಿಸಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, "ಯಾರಾದ್ರೂ ಎಬ್ಬಿಸಿದ್ರೆ ಕೊಲೆ" ಅಂತ ಬೋರ್ಡು ಹಾಕಿದ್ದಾಳೆ.

ನಿನಗೆ ಥ್ಯಾಂಕ್ಸ್ ಹೇಳಬೇಕಂತೆ. ಹೇಳಿದ್ದೇನೆ.

ನಿನ್ನ ಮಗಳು


ಮಾರ್ಚ್ 6

ಲೋ,

ಬಲಗೈ ಏಳುವುದಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಸುತ್ತಿ ಬಳಸಿ ಹೇಳುವುದಕ್ಕೆ ಶಕ್ತಿ ಇಲ್ಲ.

ನಿನ್ನ ಎರಡು ಕಾಗದವೂ ಬಂದವು. ಎರಡನೆಯದರಲ್ಲಿ "ದೇವರು ದೊಡ್ಡವನು, ಅವಳು ಕೋಣೆ ಬಿಟ್ಟಳು, ಇನ್ನೊಬ್ಬಳು ಹೋದಳು" ಅಂತ ಬರೆದಿದ್ದೀಯ. ಬರೆದದ್ದನ್ನು ಒಂದು ಸಲ ಓದಿ ನೋಡಿಕೊಂಡೆಯಾ?

ಆ ಎರಡು ಗೆರೆ ಚಳಿಯದ್ದಲ್ಲ. ಆವತ್ತೇ ನನಗೆ ಗೊತ್ತಿತ್ತು. ನೀನು ಮಗಳನ್ನು ನೋಡಿ ಬಂದ ಮುಖದಲ್ಲಿದ್ದೆ, ಅವಳು ಮಾತಾಡಲಿಲ್ಲ ಅಂತ ಕಾಣುತ್ತಿತ್ತು. ಗೋಡೆ ಒಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅದು ನನ್ನ ತಪ್ಪು, ನಿನ್ನದಲ್ಲ.

ಹೋಗು. ಎಂಜಿನಿಯರಿಗೆ ಹೇಳು. ಗೋಡೆ ಒಡೆದು ಪೈಪು ಬದಲಿಸಲಿ, ಒಂದು ದಿನದ ಕೆಲಸ. "ಸರಿ" ಅಂತ ಬರೆದವನು ನಾನು ಅಂತಲೂ ಹೇಳು. ನನ್ನ ಹೆಸರು ಉಳಿಸುವ ನೆಪ ಮಾಡಬೇಡ. ನನಗೆ ಈಗ ಹೆಸರು ಯಾವ ಉಪಯೋಗಕ್ಕೆ.

ಗೇಜು


ಮಾರ್ಚ್ 21

ಗೇಜಣ್ಣಾ,

ಹೋಗಿದ್ದೆ. ಮಗಳಿಗೆ ಹೇಳಲಿಲ್ಲ, ಅವಳ ಪಾಳಿಯ ಹೊತ್ತು ನೋಡಿಕೊಂಡೇ ಹೋದೆ.

ಬಸ್ಸಿನಲ್ಲಿ ಆರು ಗಂಟೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಎಂಜಿನಿಯರ ಕೋಣೆಗೆ ಕಾಲಿಟ್ಟದ್ದೇ ತಡ, ಆತ ಎದ್ದು ನಿಂತು ಕೈ ಹಿಡಿದುಕೊಂಡ. ಕೆಳಗಿನ ಇಬ್ಬರು ಮೆಕ್ಯಾನಿಕ್ಕುಗಳನ್ನು ಕರೆಸಿದ. "ನೋಡ್ರಪ್ಪ, ಇವರೇ ಸೋರದ ಕೈ. ಮೂವತ್ತು ವರ್ಷ, ಒಂದು ಬೆಸುಗೆ ಬಿಟ್ಟಿಲ್ಲ. ಕಾಲು ಮುಟ್ಟಿ ಬೇಕಾದ್ರೆ" ಅಂದ. ಕಾಫಿ ತರಿಸಿದ. ಒಬ್ಬ ಬಗ್ಗಿ ಮುಟ್ಟಿಯೇಬಿಟ್ಟ. ಆ ಇಬ್ಬರೂ ಬಾಯಿ ಬಿಟ್ಟುಕೊಂಡು ನನ್ನ ಕೈಗಳನ್ನೇ ನೋಡುತ್ತಿದ್ದರು.  ಕಾಫಿ ಕುಡಿದೆ. ಸುಮ್ಮನೆ ಕಟ್ಟಡ ನೋಡಿ ಹೋಗೋಣ ಅಂತ ಬಂದೆ ಅಂದೆ.

ಆಮೇಲೆ ಆ ಕೋಣೆಯ ಕಡೆ ನಡೆದೆ. ಬಾಗಿಲು ಅರ್ಧ ತೆರೆದಿತ್ತು. ಹುಡುಗಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ನೆಲ ಒರೆಸುತ್ತಿದ್ದಳು. ನನ್ನನ್ನು ನೋಡಿ, "ಅಯ್ಯೋ, ನೀವು ಅವಳಪ್ಪ ಅಲ್ವಾ? ಮೂಗು ನೋಡಿದ್ರೆ ಗೊತ್ತಾಗುತ್ತೆ" ಅಂತ ನಕ್ಕಳು. ಆ ನಗು ನನಗೇ ಕೇಳಿಸಿತು ಅಂದರೆ ನೋಡು. ಒಳಗೆ ಕರೆದು ಇದ್ದ ಒಂದೇ ಕುರ್ಚಿ ಹಾಕಿದಳು. "ನಿಮ್ಮಿಂದ ಸಿಕ್ಕಿದ ಕೋಣೆ ಅಪ್ಪಾಜಿ, ಎಷ್ಟು ಚೆನ್ನಾಗಿ ನಿದ್ದೆ ಬರುತ್ತೆ ಗೊತ್ತಾ" ಅಂದಳು. ನಾನು ಗೋಡೆಗೆ ಅಂಗೈ ಇಟ್ಟೆ. ಎಲ್ಲಿ ಅಂತ ನನಗೆ ಅಂಗುಲ ಅಂಗುಲವಾಗಿ ಗೊತ್ತು. ಅದರ ಪಕ್ಕಕ್ಕೇ ಮಂಚ ಹಾಕಿದ್ದಾಳೆ. "ಕಿಟಕಿ ಸ್ವಲ್ಪ ತೆಗೆದಿಟ್ಟುಕೊಂಡು ಮಲಗಮ್ಮ" ಅಂದೆ. "ಬೆಳಕು ಬರುತ್ತಲ್ಲ!" ಅಂದಳು. ಕುರ್ಚಿಯಿಂದ ಎದ್ದು ಬಸ್ಸಿಗೆ ಹೊರಟೆ.

ನಾಲ್ಕು ವರ್ಷ ಹಿಡಿದುಕೊಂಡಿದೆ, ಇನ್ನು ಮುಂದೆಯೂ ಹಿಡಿದುಕೊಳ್ಳುತ್ತದೆ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನೂ ಹಾಗೇ ಹೇಳು.

ನಿನ್ನ ಜೋಡಿ


ಏಪ್ರಿಲ್ 16

ಅಪ್ಪಾ,

ಕಳ್ಳ! ಬಂದು ಹೋದೆಯಂತೆ, ನನಗೆ ಒಂದು ಮಾತು ಹೇಳದೆ. ನಿದ್ದೆಬುರುಕಿ ಈಗ ಹೇಳಿದಳು, ಒಂದು ತಿಂಗಳು ಮರೆತುಬಿಟ್ಟಿದ್ದಳಂತೆ. ನಿನ್ನದು ನನ್ನದೇ ಮೂಗಂತೆ. ನನ್ನನ್ನು ನೋಡದೆ ಅವಳ ಕೋಣೆಯ ಗೋಡೆಯನ್ನು ತಡವಿ ಹೋದೆಯಂತೆ. ಹಳೇ ಕೆಲಸದ ಮೇಲೆ ಇಷ್ಟು ಮೋಹವೇ?

ನಿನ್ನ ವಿದ್ಯೆಗೆ ಸಂಬಂಧಿಸಿದ ಒಂದು ಪ್ರಶ್ನೆ. ಕೆಳ ಮಹಡಿಯಲ್ಲಿ ಏಸಿ ತಣ್ಣಗೆ ಮಾಡುತ್ತಿಲ್ಲ. ಮೆಕ್ಯಾನಿಕ್ ಬಂದು ಗ್ಯಾಸು ಕಡಿಮೆ ಆಗಿದೆ ಅಂತ ತುಂಬಿ ಹೋಗುತ್ತಾನೆ, ಹದಿನೈದು ದಿನದಲ್ಲಿ ಮತ್ತೆ ಅದೇ ಕತೆ. ಎರಡು ಸಲ ಆಯಿತು. ಎಲ್ಲ ಕಡೆ ಸೋಪಿನ ನೊರೆ ಹಚ್ಚಿ ನೋಡಿದನಂತೆ, ಎಲ್ಲೂ ಗುಳ್ಳೆ ಏಳಲಿಲ್ಲವಂತೆ. "ಸೋರದ ಕೈಯ ಕೆಲಸ, ಬೆಸುಗೆ ಸೋರಲ್ಲ ಬಿಡು" ಅಂತ ಎಂಜಿನಿಯರ್ ಅಂದರಂತೆ. ಹಾಗಾದರೆ ಆ ಗ್ಯಾಸು ಎಲ್ಲಿಗೆ ಹೋಗುತ್ತದೆ ಅಪ್ಪಾ? ಸೋರದಿದ್ದರೆ ಕಡಿಮೆ ಯಾಕಾಗುತ್ತದೆ?

ನಿದ್ದೆಬುರುಕಿಗೆ ಈಚೆಗೆ ಎದ್ದರೆ ತಲೆನೋವಂತೆ. ರಾತ್ರಿ ಪಾಳಿ ಅಂದರೆ ಹಾಗೇ ಅಂತ ನಾವೆಲ್ಲ ಅಂದೆವು.

ನಿನ್ನ ಮಗಳು


ಏಪ್ರಿಲ್ 24

ಮಗಳೇ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ನಾನು ಬರುತ್ತಿದ್ದೇನೆ. ಇಲ್ಲಿ ಪರೀಕ್ಷೆ ಮುಗಿಯುವುದು ಮೇ ನಾಲ್ಕಕ್ಕೆ, ಐದರ ಬೆಳಗ್ಗೆ ಅಲ್ಲಿರುತ್ತೇನೆ. ಎಲ್ಲಿ ಸೋರುತ್ತಿದೆ ಅಂತ ನಾನೇ ನೋಡುತ್ತೇನೆ.

ಅಲ್ಲಿಯವರೆಗೆ ನಿನ್ನ ಗೆಳತಿ ಮೇಲೆ ನಿಮ್ಮ ಜೊತೆಗೇ ಮಲಗಲಿ. ಗಲಾಟೆ ಮಾಡಬೇಡಿ, ಅವಳು ಮಲಗಲಿ. ಅವಳು ಒಪ್ಪದಿದ್ದರೆ ಕಿಟಕಿಯ ಕಾಗದ ಹರಿದು ಹಾಕು, ಬಾಗಿಲಿನ ಬಟ್ಟೆ ತೆಗೆದು ಎಸೆ. ಜಗಳ ಆದರೂ ಪರವಾಗಿಲ್ಲ. ಏಸಿಗೆ ಗ್ಯಾಸು ತುಂಬಬೇಡಿ ಅಂತ ಮೆಕ್ಯಾನಿಕ್ಕಿಗೆ ಹೇಳು.

ಯಾಕೆ ಅಂತ ಬಂದು ಹೇಳುತ್ತೇನೆ.

ನಿನ್ನ ಅಪ್ಪ


ಮೇ 2

ಅಪ್ಪಾ,

ನಿನ್ನ ಕಾಗದ ಮೊನ್ನೆ, ಮೂವತ್ತನೇ ತಾರೀಖು ಕೈಗೆ ಬಂತು. ನಿದ್ದೆಬುರುಕಿ ಇಪ್ಪತ್ತೆಂಟಕ್ಕೆ ಹೋದಳು.

ಬೆಳಗ್ಗೆ ಏಳೂವರೆಗೆ ಪಾಳಿ ಮುಗಿಸಿ ಬಂದಳು. ಕಾರಿಡಾರಿನಲ್ಲಿ ಮೆಕ್ಯಾನಿಕ್ ಮೂರನೇ ಸಲ ಗ್ಯಾಸು ತುಂಬುತ್ತಿದ್ದ. "ಅಣ್ಣಾ, ಇವತ್ತಾದ್ರೂ ತಣ್ಣಗೆ ಮಾಡು, ನಿನ್ನ ಹೆಸರು ಹೇಳ್ಕೊಂಡು ಮಲಗ್ತೀನಿ" ಅಂದಳಂತೆ. ಬಾಗಿಲು ಹಾಕಿಕೊಂಡಳು. ಸಂಜೆ ಐದಾದರೂ ಏಳಲಿಲ್ಲ. ಅವಳು ಏಳದಿರುವುದು ಹೊಸದಲ್ಲವಲ್ಲ, ಬೋರ್ಡು ನೋಡಿ ನಗುತ್ತ ಎಲ್ಲರೂ ದಾಟಿ ಹೋದೆವು. ನಾನೂ ಎರಡು ಸಲ ದಾಟಿ ಹೋದೆ. ಆರಕ್ಕೆ ಬಾಗಿಲು ಒಡೆದರು. ಸಂದಿಗೆ ತುರುಕಿದ ಸೀರೆ ಅಡ್ಡ ಬಂದು ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ನಾನೇ ಎದೆ ಒತ್ತಿದೆ. ಇಪ್ಪತ್ತು ನಿಮಿಷ ಒತ್ತಿದೆ. ಮುಟ್ಟಿದ ಕೂಡಲೇ ಗೊತ್ತಾಗಿತ್ತು, ಆದರೂ ಒತ್ತಿದೆ. ಒತ್ತುತ್ತ ಒತ್ತುತ್ತ ನನಗೇ ತಲೆ ತಿರುಗಿತು, ಎಳೆದು ಹೊರಗೆ ಹಾಕಿದರು. ಹೃದಯ ನಿಂತಿದೆ ಅಂತ ಮೊದಲು ಬರೆದರು. ಆಮೇಲೆ ನೋಡಿದರೆ ಆ ಮಹಡಿಯ ಏಸಿಯಲ್ಲಿ ಒಂದು ತೊಟ್ಟು ಗ್ಯಾಸು ಉಳಿದಿರಲಿಲ್ಲ.

ಅದಾಗಿ ಎರಡು ದಿನಕ್ಕೆ ನಿನ್ನ ಕಾಗದ. ಕಿಟಕಿಯ ಕಾಗದ ಹರಿದು ಹಾಕು. ಬಾಗಿಲಿನ ಬಟ್ಟೆ ಎಸೆ. ಗ್ಯಾಸು ತುಂಬಬೇಡಿ.

ಪೆಟ್ಟಿಗೆಯಿಂದ ಫೆಬ್ರವರಿಯ ಕಾಗದ ತೆಗೆದು ಪಕ್ಕದಲ್ಲಿಟ್ಟುಕೊಂಡು ಓದಿದೆ. ತೇವ, ಸದ್ದು, ನೆಗಡಿ. ಆ ಗೋಡೆಯಲ್ಲಿ ತೇವ ಇಲ್ಲ ಅಪ್ಪಾ. ಕೈಯಿಟ್ಟು ನೋಡಿದೆ.

ನಿನಗೆ ಗೊತ್ತಿತ್ತಾ?

ನಿನ್ನ ಮಗಳು


ಮೇ 9

ಮಗಳೇ,

ಗೊತ್ತಿತ್ತು.

ಐದಕ್ಕೆ ಬರುತ್ತೇನೆ ಅಂದವನು ಬರಲಿಲ್ಲ. ನಿನ್ನ ಕಾಗದ ನಾಲ್ಕರ ಸಂಜೆ ಬಂತು, ಕಟ್ಟಿಟ್ಟ ಚೀಲವನ್ನು ಬಿಚ್ಚಿಬಿಟ್ಟೆ.

ಆ ಗೋಡೆಯೊಳಗೆ ನನ್ನ ಒಂದು ಬೆಸುಗೆ ಇದೆ. ಇರಬಾರದಿತ್ತು. ಪೈಪು ನೆಗ್ಗಿತ್ತು, ಬದಲಿಸದೆ ತೇಪೆ ಹಾಕಿದೆ. ಅದರ ಹಿಂಬದಿ ತುಂಬಿದೆಯೋ ಇಲ್ಲವೋ ನೋಡಲಿಲ್ಲ. ಮರುದಿನದ ಪರೀಕ್ಷೆಯಲ್ಲಿ ಎರಡು ಗೆರೆ ಇಳಿದಾಗ ಚಳಿಯ ಮೇಲೆ ಹಾಕಿದೆ. ನೀನು ಸ್ಟೋರು ಅಂತ ಬರೆದಾಗ ತೇವ, ಸದ್ದು ಅಂತ ಸುಳ್ಳು ಬರೆದು ನಿನ್ನೊಬ್ಬಳನ್ನು ತಪ್ಪಿಸಿದೆ. ನೀನು ಕೋಣೆ ಬಿಟ್ಟೆ ಅಂತ ಓದಿದ ದಿನ ನೆಮ್ಮದಿಯಾಗಿ ಮಲಗಿದೆ. ಅವಳ ಹೆಸರು ಅದೇ ಕಾಗದದಲ್ಲಿತ್ತು, ಓದಿಯೂ ಮಲಗಿದೆ. ಗೇಜಣ್ಣ ಹೋಗಿ ಹೇಳು ಅಂದ. ಹೋದೆ, ಎಂಜಿನಿಯರ್ ಹೊಗಳಿದ, ನುಂಗಿಕೊಂಡು ಬಂದೆ. ನಿನ್ನ ಏಪ್ರಿಲ್ ಕಾಗದ ಓದಿದಾಗ ಬಸ್ಸು ಹತ್ತಿದ್ದರೆ ಆರು ಗಂಟೆಯ ದಾರಿ. ನಾನು ನಾಲ್ಕು ದಿನ ಕಾಗದವನ್ನು ಮುಂದಿಟ್ಟುಕೊಂಡು ಕೂತೆ. ಏನಂತ ಬರೆದರೆ ನನ್ನ ಹೆಸರು ಬಾರದ ಹಾಗೆ ಅವಳು ಆ ಕೋಣೆ ಬಿಟ್ಟಾಳು ಅಂತ ಯೋಚಿಸುತ್ತ ಕೂತೆ.

ಇದನ್ನು ನೆಪ ಅಂತ ಬರೆಯುತ್ತಿಲ್ಲ. ಆವತ್ತು ನಾನು ಅವಸರ ಮಾಡಿದ್ದು ನಿನ್ನ ಸರ್ಟಿಫಿಕೇಟಿನ ದಿನಕ್ಕೆ. ಒಂದು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಹಿಡಿದೆ, ಅದು ದಾರಿಯಲ್ಲಿ ಕೆಟ್ಟು ನಿಂತಿತು.

ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಪಾಠ ನಡೆದಿದೆ. ಬರುವ ತಿಂಗಳು ನನಗೆ ಸನ್ಮಾನವಂತೆ. ನೀನು ಹೇಳು ಅಂದರೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಬೇಡ ಅಂದರೆ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ. ನೀನು ಹೇಗೆ ಹೇಳಿದರೆ ಹಾಗೆ.

ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ.

ಅಪ್ಪ


ಜೂನ್ 4

ಅಪ್ಪಾ,

ಒಂದು ತಿಂಗಳು ಬರೆಯಲಿಲ್ಲ. ನಾಲ್ಕು ಕಾಗದ ಬರೆದು ಹರಿದೆ.

ಆ ಬಸ್ಸಿನ ವಿಷಯ ನೀನು ನನಗೆ ಬರೆಯಬಾರದಿತ್ತು. ನೆಪ ಅಲ್ಲ ಅಂದೆ. ಆದರೂ ಬರೆದೆ. ನಾನು ಆ ಕೋಣೆಯನ್ನು ಅವಳಿಗೆ ಕೊಟ್ಟವಳು, ಅವಳ ಬಾಗಿಲನ್ನು ಎರಡು ಸಲ ದಾಟಿ ಹೋದವಳು. ಅಷ್ಟು ಸಾಲದು ಅಂತ, ಆ ಬೆಸುಗೆಯೂ ನನಗಾಗಿ ಆದದ್ದು ಅಂತ ಈಗ ಗೊತ್ತಾಯಿತು. ಹೇಳು ಅನ್ನುವುದನ್ನೂ ಬೇಡ ಅನ್ನುವುದನ್ನೂ ನನ್ನ ಕೈಗೇ ಕೊಡುತ್ತಿದ್ದೀಯ. ಅದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಏನಾಗಿದೆ ಅಂತ ಮಾತ್ರ ಹೇಳುತ್ತೇನೆ. ಕಳೆದ ವಾರ ಗೋಡೆ ಒಡೆದರು. ನಾನು ನಿಂತು ನೋಡಿದೆ. ಕತ್ತರಿಸಿ ತೆಗೆದ ತುಂಡನ್ನು ಮೇಜಿನ ಮೇಲಿಟ್ಟಿದ್ದರು. ಮುಂದಿನಿಂದ ನೋಡಿದರೆ ಎಷ್ಟು ಚೆಂದದ ಬೆಸುಗೆ ಅಪ್ಪಾ, ನುಣ್ಣಗೆ, ಉಂಗುರದ ಹಾಗೆ. ತಿರುಗಿಸಿದರೆ ಹಿಂಬದಿಯಲ್ಲಿ ಉಗುರು ತೂರುವಷ್ಟು ಬಿರುಕು, ಮೂರನೇ ಸಲ ತುಂಬಿದ ಒತ್ತಡಕ್ಕೆ ಅಗಲವಾದದ್ದಂತೆ. ಎಂಜಿನಿಯರ್ ಅದನ್ನು ತುಂಬ ಹೊತ್ತು ನೋಡಿದರು. "ಇದು ಅವರದ್ದಲ್ಲ, ಆಮೇಲೆ ಯಾರೋ ಗೋಡೆ ಕೊರೆದು ಮಾಡಿದ ಕೆಲಸ" ಅಂದರು. ಈಗ ಎಲ್ಲ ಆ ಮೆಕ್ಯಾನಿಕ್ಕಿನ ತಲೆಗೆ ಬಂದಿದೆ. ಸೋರಿಕೆ ಹುಡುಕದೆ ಮೂರು ಸಲ ಗ್ಯಾಸು ತುಂಬಿದ್ದು ಅವನ ತಪ್ಪೇ. ಆದರೆ ಆ ಬೆಸುಗೆ ಅವನದಲ್ಲ. ಕೆಲಸದಿಂದ ತೆಗೆದಿದ್ದಾರೆ, ಪೊಲೀಸರು ಎರಡು ಸಲ ಕರೆದೊಯ್ದರು. ಅವನ ಹೆಂಡತಿ ದಿನಾ ಬಂದು ಗೇಟಿನ ಹತ್ತಿರ ಕೂರುತ್ತಾಳೆ. ಅವನು ನಿನ್ನ ಕಾಲು ಮುಟ್ಟಿದವನಂತೆ.

ನಿದ್ದೆಬುರುಕಿಯ ಅಮ್ಮ ಬಂದಿದ್ದರು, ಸಾಮಾನು ತೆಗೆದುಕೊಂಡು ಹೋಗಲು. ಬೋರ್ಡನ್ನು ತಾವೇ ಬಿಚ್ಚಿದರು. "ಈ ಕೋಣೆ ಸಿಕ್ತು ಅಂತ ಎಷ್ಟು ಖುಷಿಯಾಗಿ ಬರೆದಿದ್ಳು. ಯಾರೋ ಗೆಳತಿ ಬಿಟ್ಟುಕೊಟ್ಲು ಅಂತ. ಯಾರಮ್ಮ ಅದು?" ಅಂತ ಕೇಳಿದರು. ನಾನೇ ಅಂದೆ. ನನ್ನ ತಲೆ ಸವರಿದರು ಅಪ್ಪಾ. "ಒಳ್ಳೇ ಮನಸ್ಸಿಂದ ಕೊಟ್ಟೆ, ನೀನು ಅಳಬೇಡ" ಅಂದರು. ಆ ಕೈ ಇನ್ನೂ ನನ್ನ ತಲೆಯ ಮೇಲಿದೆ. ಇಳಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಹದಿನಾಲ್ಕಕ್ಕೆ, ಬೆಳಗ್ಗೆ ಹತ್ತು ಗಂಟೆಗೆ, ಆಸ್ಪತ್ರೆಯ ಸಭಾಂಗಣದಲ್ಲಿ ವಿಚಾರಣೆ. ಅವಳ ಅಮ್ಮ ಇರುತ್ತಾರೆ, ಮೆಕ್ಯಾನಿಕ್ ಇರುತ್ತಾನೆ. ನಿನ್ನ ಕಾಗದಗಳು ನನ್ನ ಹತ್ತಿರ ಇವೆ, ನಾನು ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ. ನಿನ್ನ ಬಾಯಿಂದಲೇ ಬರಬೇಕು. ಬಾ ಅಂತಲೂ ನಾನು ಹೇಳುತ್ತಿಲ್ಲ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ, ಆವತ್ತು ಸರ್ಟಿಫಿಕೇಟು ಹಿಡಿದು ನಿಂತ ಹಾಗೆ.

ಬರುವುದಾದರೆ ಹಿಂದಿನ ದಿನವೇ ಹೊರಡು. ಕುರ್ಚಿ ಮಡಚುವ ಹೊತ್ತಿಗೆ ಬರಬೇಡ.

ಮಗಳು